ಕಲ್ಯಾಣಪ್ಪನ ಕಾಟಕಾಯಿ

ಕೇಳುಗರಿಗೆ ನಮಸ್ಕಾರ.

ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದರೆ ಸಾಕು, ನಾವು ಮಕ್ಕಳು ಅದರ ಮೇಲೆಯೇ ಓಡುತ್ತಿದ್ದೆವು. ಅಜ್ಜಿ ಒಳಗಿನಿಂದಲೇ ಕೂಗುತ್ತಿದ್ದರು: "ಎಂತದು ನಿಮ್ಮ ಕಲ್ಯಾಣಪ್ಪನ ಕಾಟಕಾಯಿ!" ಗಲಾಟೆ, ತಂಟೆ, ರಗಳೆ, ಎಲ್ಲದಕ್ಕೂ ಅವರಲ್ಲಿ ಇದೊಂದೇ ಮಾತು. ಕಲ್ಯಾಣಪ್ಪ ಯಾರು ಎಂದು ಕೇಳಿದರೆ, "ಯಾರೋ ಒಬ್ಬ ಪುಂಡ, ಮಂಗಳೂರಿಗೆ ಬೆಂಕಿ ಹಾಕಿದವ" ಅನ್ನುತ್ತಿದ್ದರು. ನಮ್ಮ ಮನೆ ಕಾಸರಗೋಡಿನ ಮುಳ್ಳೇರಿಯದ ಹತ್ತಿರ. ಬಸ್ಸು ಹಿಡಿದು ಆದೂರು ದಾಟಿ, ಜಾಲ್ಸೂರು ಕಳೆದರೆ ಸುಳ್ಯ. ಆ ಪುಂಡನ ಕತೆ ಶುರುವಾದದ್ದು ಅಲ್ಲೇ ಎಂದು ನನಗೆ ಗೊತ್ತಾಗುವಾಗ ತಲೆ ಅರ್ಧ ಹಣ್ಣಾಗಿತ್ತು.

ಆ ದಂಗೆ ನಡೆದದ್ದು 1837ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪೆನಿ ಸರಕಾರ ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಇಳಿಸಿತ್ತು. ಕೊಡಗಿಗೆ ಸೇರಿದ್ದ ಸುಳ್ಯದ ಕಡೆಯ ಸೀಮೆಯನ್ನು ಕೆನರಾ ಜಿಲ್ಲೆಗೆ ಜೋಡಿಸಿತು. ಅರಸನ ಕಾಲದಲ್ಲಿ ಕಂದಾಯವನ್ನು ಭತ್ತದಲ್ಲಿ ಅಳೆದುಕೊಡಬಹುದಿತ್ತು. ಕಂಪೆನಿಯವರು ದುಡ್ಡೇ ಬೇಕು ಎಂದರು. ದುಡ್ಡು ಬೇಕಾದರೆ ಬೆಳೆಯನ್ನು ವ್ಯಾಪಾರಿ ಹೇಳಿದ ಬೆಲೆಗೆ ಮಾರಬೇಕು. ಕೊಯ್ಲಿನ ಸಮಯದಲ್ಲಿ ಅವನು ಎಂತ ಬೆಲೆ ಹೇಳುತ್ತಾನೆ ಎಂದು ಕೃಷಿಕರಿಗೆ ನಾನು ಹೇಳಬೇಕಾ?

ದಂಗೆಯ ಮುಂದಾಳು, ಸುಳ್ಯದ ಕಡೆಯ ಕೆದಂಬಾಡಿ ರಾಮಯ್ಯ ಗೌಡರು ಮಗನ ಮದುವೆಯ ನೆಪದಲ್ಲಿ ಜನ ಸೇರಿಸಿದರು ಎಂದು ಆ ಕಡೆ ಇವತ್ತಿಗೂ ಹೇಳುತ್ತಾರೆ. ಮಾರ್ಚ್ ಕೊನೆಗೆ ಬೆಳ್ಳಾರೆಯ ಖಜಾನೆ ಅವರ ಕೈಗೆ ಬಂತು. ಏಪ್ರಿಲ್ 5ಕ್ಕೆ ದಂಡು ಮಂಗಳೂರಲ್ಲಿ. ಬಾವುಟಗುಡ್ಡೆಯಲ್ಲಿ ಬಾವುಟ ಏರಿತು. ಇಂಗ್ಲಿಷ್ ಅಧಿಕಾರಿಗಳು ಹಡಗು ಹತ್ತಿ ಕಣ್ಣೂರಿಗೆ ಓಡಿದರು. ನಮ್ಮ ಬೇಕಲದ ಕೋಟೆಯ ಮುಂದಿನ ಕಡಲಲ್ಲೇ ಹೋಗಿರಬೇಕು, ಬೇರೆ ದಾರಿ ಎಲ್ಲಿದೆ? ಸುಮಾರು ಹದಿಮೂರು ದಿನ ಮಂಗಳೂರು ಬಂಡಾಯದವರ ಕೈಯಲ್ಲಿತ್ತು. ಆಮೇಲೆ ಕಣ್ಣೂರಿನಿಂದ ಸೈನ್ಯ ಬಂತು, ಎಲ್ಲ ಮುಗಿಯಿತು. ಮುಂದಾಳುಗಳನ್ನು ಬಿಕರ್ನಕಟ್ಟೆಯಲ್ಲಿ ನೇಣಿಗೆ ಹಾಕಿದರು. ಆ ಭೀಕರ ನೋಟದಿಂದಲೇ ಊರಿಗೆ ಆ ಹೆಸರು ಬಂತು ಅನ್ನುವವರಿದ್ದಾರೆ. ಊರಿನ ಹೆಸರಿಗೆ ಕತೆ ಕಟ್ಟುವುದರಲ್ಲಿ ನಾವು ಗಟ್ಟಿಗರು, ನನಗೆ ಅಷ್ಟು ನಂಬಿಕೆ ಇಲ್ಲ.

ಇದರಲ್ಲಿ ನನಗೆ ಸ್ವಾರಸ್ಯ ಕಾಣುವುದು ಕಲ್ಯಾಣಪ್ಪನ ವಿಚಾರ. ಕೊಡಗಿನ ಅರಸು ಮನೆತನದವನು ಎಂದು ಹೇಳಿಕೊಂಡ ಕಲ್ಯಾಣಸ್ವಾಮಿ ಅದಾಗಲೇ ಕಂಪೆನಿಯವರ ಕೈಗೆ ಸಿಕ್ಕಿಬಿದ್ದಿದ್ದ. ದಂಡಿನ ಮುಂದೆ ಬಂದವನು ಪುಟ್ಟಬಸಪ್ಪ. ಅವನನ್ನೇ ಕಲ್ಯಾಣಸ್ವಾಮಿ ಎಂದು ಜನರ ಮುಂದೆ ನಿಲ್ಲಿಸಿದರು. ಜನ ನಂಬಿದರು. ನಂಬಿದರೋ, ನಂಬಿದ ಹಾಗೆ ಮಾಡಿದರೋ? ಅರಸ ಬಂದಿದ್ದಾನೆ, ಕಂದಾಯ ಕಟ್ಟಬೇಡಿ ಎಂದರೆ ಯಾರಿಗೆ ಬೇಡ? ಒಂದು ಗಾಳಿಮಾತು ಕೋವಿಗಿಂತ ಜಾಸ್ತಿ ಕೆಲಸ ಮಾಡಿತು. ಕಂಪೆನಿಗೂ ಅದರಿಂದ ಲಾಭವೇ ಆಯಿತು. ನೋಡಿ, ಇವನೊಬ್ಬ ವೇಷಧಾರಿ, ಇವರೆಲ್ಲ ಸುಲಿಗೆಕೋರರು ಎಂದು ಬರೆದಿಟ್ಟಿತು. ದಂಗೆ ಅಡಗಿಸಲು ನೆರವಾದವರಿಗೆ ಪದಕ ಕೊಟ್ಟಿತು. ಆ ಪದಕದ ಮೇಲೆ ನಮ್ಮ ಕನ್ನಡ ಅಕ್ಷರಗಳೇ ಇದ್ದವು! ಕನ್ನಡದವರು ಎದ್ದ ದಂಗೆ, ಅದನ್ನು ಅಡಗಿಸಿದ್ದಕ್ಕೆ ಕನ್ನಡದಲ್ಲೇ ಶಹಭಾಸ್.

ಈಗ ಗಾಳಿ ಬದಲಾಗಿದೆ. 2022ರಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ನಿಂತಿತು. ಕಾಟಕಾಯಿ ಹೋಗಿ ಸ್ವಾತಂತ್ರ್ಯ ಸಂಗ್ರಾಮ ಆಯಿತು. ನನಗೆ ಸಂತೋಷವೇ. ಆದರೆ ಅದರ ಬೆನ್ನಿಗೇ ಮೊಬೈಲಿನಲ್ಲಿ ಇನ್ನೊಂದು ಮಾತು ಓಡಾಡುತ್ತಿದೆ: "ಈ ಇತಿಹಾಸವನ್ನು ಬೇಕಂತಲೇ ಮುಚ್ಚಿಟ್ಟರು." ಯಾರು ಮುಚ್ಚಿಟ್ಟರು ಎಂದು ಕೇಳಿದರೆ ಒಬ್ಬೊಬ್ಬರದ್ದು ಒಂದೊಂದು ಪಕ್ಷ, ಒಂದೊಂದು ಜಾತಿ.

ನನಗೆ ಹಾಗೆ ಕಾಣುವುದಿಲ್ಲ. ನಾನು ಓದಿದ ಕನ್ನಡ ಶಾಲೆಯ ಪುಸ್ತಕದಲ್ಲಿ ಸುಳ್ಯದ ಸುದ್ದಿ ಇರಲಿಲ್ಲ, ನಿಜ. ಅದಕ್ಕೆ ಸಂಚು ಬೇಡ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು, ಸುಳ್ಯ ಆಚೆ ಉಳಿಯಿತು. ಆಚೆಯ ಊರಿನ ಕತೆ ಈಚೆಯ ಪಾಠಕ್ಕೆ ಯಾಕೆ ಬರಬೇಕು? ಹಾಗೆಯೇ ನಮ್ಮ ಕಯ್ಯೂರಿನದ್ದು. 1941ರ ಮಾರ್ಚ್ 28ರಂದು ಅಲ್ಲಿ ರೈತರ ಮೆರವಣಿಗೆಗೆ ಸುಬ್ಬರಾಯನ್ ಎಂಬ ಪೊಲೀಸ್ ಪೇದೆ ಎದುರಾದ. ಅವನ ಕೈಗೆ ಬಾವುಟ ಕೊಟ್ಟು ನಡೆಸಿದರು. ಅವನು ತಪ್ಪಿಸಿಕೊಂಡು ಹೊಳೆಗೆ ಹಾರಿದ, ಹೊಳೆಯಲ್ಲೇ ಸತ್ತ. ಮುಳುಗಿ ಸತ್ತನೋ, ಕಲ್ಲೇಟಿಗೆ ಸತ್ತನೋ ಎಂಬ ಜಗಳ ಇನ್ನೂ ನಿಂತಿಲ್ಲ. ಕೇಸು ನಡೆದದ್ದು ಮಂಗಳೂರಿನ ಕೋರ್ಟಿನಲ್ಲಿ. 1943ರ ಮಾರ್ಚ್ 29ರಂದು ನಾಲ್ವರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಮಠತ್ತಿಲ್ ಅಪ್ಪು, ಕೋಯಿತಾಟಿಲ್ ಚಿರುಕಂಡನ್, ಪೊಡೋರ ಕುಂಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್. ಕಾಸರಗೋಡಿನಲ್ಲಿ ಈ ಹೆಸರು ಕೇಳದವರಿಲ್ಲ. ಸುಳ್ಯದಲ್ಲಿ ಕೇಳಿ ನೋಡಿ. ಎರಡೂ ಕಡೆಯನ್ನು ಹೊಲಿದವರು ಸುಳ್ಯದ ಕಡೆಯ ಕುಳಕುಂದದಲ್ಲಿ ಹುಟ್ಟಿ ನಮ್ಮ ಕಡೆಯ ನೀಲೇಶ್ವರದಲ್ಲಿ ಓದಿದ ಕಾದಂಬರಿಕಾರ ನಿರಂಜನರು. ಕಯ್ಯೂರಿನ ಮೇಲೆ 'ಚಿರಸ್ಮರಣೆ' ಬರೆದರು, ಕಲ್ಯಾಣಸ್ವಾಮಿಯ ಮೇಲೂ ಕಾದಂಬರಿ ಬರೆದರು. ಮುಚ್ಚಿಟ್ಟರು ಎನ್ನುವವರು ಒಮ್ಮೆ ಲೈಬ್ರರಿಗೆ ಹೋಗಬಾರದೇ?

ಹಳೆಯ ಕಾಲದ್ದು, ಸಾಕ್ಷಿ ಇಲ್ಲ, ಅದಕ್ಕೇ ಜಗಳ ಅನ್ನುವವರೂ ಇದ್ದಾರೆ. 2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನಕ್ಕೆ, ಚುನಾವಣೆ ಸೋತ ಟ್ರಂಪ್ ಕಡೆಯ ಜನ ನುಗ್ಗಿದ್ದನ್ನು ನಾವು ಇಲ್ಲಿ ಚಾವಡಿಯಲ್ಲಿ ಕುಳಿತು ಟಿವಿಯಲ್ಲಿ ನೋಡಿದ್ದೇವೆ. ಚುನಾವಣೆಯಲ್ಲಿ ಮೋಸ ಆಗಿದೆ ಎಂಬ ಮಾತಿಗೆ ನುಗ್ಗಿದರು. ಕೋರ್ಟುಗಳು ಆ ಮಾತನ್ನು ಒಪ್ಪಲಿಲ್ಲ. ಆಮೇಲೆ ಹೊಸ ಸುದ್ದಿ ಹುಟ್ಟಿತು, ಪೊಲೀಸರೇ ಜನರನ್ನು ಎತ್ತಿಕಟ್ಟಿದ್ದು ಎಂದು. 2025ರಲ್ಲಿ ಮತ್ತೆ ಗದ್ದುಗೆ ಏರಿದ ದಿನವೇ ಟ್ರಂಪ್ ಸುಮಾರು 1500 ಜನರಿಗೆ ಕ್ಷಮೆ ಕೊಟ್ಟರು. ಅಷ್ಟು ಕ್ಯಾಮರಾ ಇದ್ದೂ ಅದು ದಂಗೆಯೋ, ದೇಶಪ್ರೇಮವೋ ಎಂದು ಅಲ್ಲಿ ಇನ್ನೂ ಕಚ್ಚಾಡುತ್ತಾರೆ. ಕ್ಯಾಮರಾ ಕಂಡದ್ದನ್ನು ತೋರಿಸುತ್ತದೆ. ಹೆಸರಿಡುವವರು ನಾವೇ ಅಲ್ವಾ?

ಕಳೆದ ಬೇಸಿಗೆಯಲ್ಲಿ ತಂಗಿಯ ಮೊಮ್ಮಗನನ್ನು ಬಾವುಟಗುಡ್ಡೆಗೆ ಕರೆದುಕೊಂಡು ಹೋಗಿದ್ದೆ. ಪ್ರತಿಮೆ ನೋಡಿ, ಕತೆ ಕೇಳಿ ಅವನು ಕೇಳಿದ: "ಹಾಗಾದ್ರೆ ನಿಮ್ಮ ಅಜ್ಜಿ ಹೇಳಿದ್ದು ಸುಳ್ಳಾ ಅಜ್ಜಾ?"

ನನಗೆ ತಟ್ಟನೆ ಉತ್ತರ ಬರಲಿಲ್ಲ. ಅಜ್ಜಿಯ ತವರು ಬೆಳ್ಳಾರೆಯ ಕಡೆ. ದಂಡು ಬರುತ್ತದೆ ಎಂದು ಆ ಮನೆಯವರು ಚಿನ್ನವನ್ನೆಲ್ಲ ತಾಮ್ರದ ಚೆಂಬಿಗೆ ತುಂಬಿ, ಹಿತ್ತಿಲ ಹಲಸಿನ ಮರದ ಬುಡದಲ್ಲಿ ಹೂತಿಟ್ಟು, ಕಾಡು ಸೇರಿದ್ದರಂತೆ. ವಾಪಸು ಬರುವಾಗ ಗುರುತು ಮರೆತಿತ್ತಂತೆ. ಸ್ವಾತಂತ್ರ್ಯ ಸಂಗ್ರಾಮ ಆ ಮನೆಗೆ ಕಂಡದ್ದು ಹಾಗೆ. ಅಜ್ಜಿಯ ಅಣ್ಣ ಎರಡು ಸಲ ಅಲ್ಲಿ ಅಗೆಸಿ ನೋಡಿದ್ದರು. ಬೇರು ಬಿಟ್ಟು ಏನೂ ಸಿಗಲಿಲ್ಲ.

ನಮಸ್ಕಾರ.