ಬಣ್ಣವಲ್ಲ, ಅದು ಲೋಹವೇ

ಅಧ್ಯಕ್ಷರೆ, ಹಾಸನ ಜಿಲ್ಲೆಯ ವಿಜ್ಞಾನ ಅಧ್ಯಾಪಕ ಮಿತ್ರರೆ,

ನ್ಯಾನೊ ಪ್ರಯೋಗ ಎಂದರೆ ಬೆಂಗಳೂರಿಗೇ ಹೋಗಬೇಕು ಎಂದು ನನಗಿಂತ ಮೊದಲು ಮಾತನಾಡಿದವರು ಬೇಸರಪಟ್ಟರು. ನನ್ನ ತಕರಾರು ಅಲ್ಲಿಯೇ. ನೋಡುವುದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು, ಒಪ್ಪಿದೆ. ಅಲ್ಯೂಮಿನಿಯಂ ಮೇಲೆ ನ್ಯಾನೊ ರಂಧ್ರಗಳ ಪದರ ಬೆಳೆಸುವುದಕ್ಕೆ ಬೀಕರು, ಒಂದೇ ದಿಕ್ಕಿನ ವಿದ್ಯುತ್ ಕೊಡುವ ಡಿ.ಸಿ. ಸಪ್ಲೈ, ದುರ್ಬಲಗೊಳಿಸಿದ ಆಮ್ಲ, ಮಂಜುಗಡ್ಡೆ ಸಾಕು.

ಸಕಲೇಶಪುರದಲ್ಲಿ ನಮ್ಮ ಅತ್ತಿಗೆಯ ಮನೆಯಲ್ಲಿ ಆನೊಡೈಸ್ ಮಾಡಿದ, ಅಂದರೆ ದ್ರಾವಣದಲ್ಲಿ ವಿದ್ಯುತ್ ಹಾಯಿಸಿ ಮೈಮೇಲೆ ಪದರ ಬೆಳೆಸಿದ, ಕರಿ ಅಲ್ಯೂಮಿನಿಯಂ ಬಾಣಲೆಯೊಂದಿತ್ತು. ಜಿಡ್ಡು ಹೋಗಲೆಂದು ಅವರು ಅದರಲ್ಲಿ ವಾಷಿಂಗ್ ಸೋಡಾ ಹಾಕಿ ಕುದಿಸಿದರು. ಜಿಡ್ಡಿನ ಜೊತೆಗೆ ಕಪ್ಪೂ ಹೋಯಿತು, ತಳ ಬೂದಿ ಬೂದಿಯಾಯಿತು. "ಅಂಗಡಿಯವನು ಬಣ್ಣ ಬಳಿದು ಟೋಪಿ ಹಾಕಿದ" ಎಂದರು. ನಾನು ಕಡುಬು ತಿನ್ನುವುದನ್ನು ಬಿಟ್ಟು ಪಾಠಕ್ಕೆ ನಿಂತೆ: ಅದು ಬಳಿದ ಬಣ್ಣವಲ್ಲ, ಲೋಹವೇ ಆಮ್ಲಜನಕ ಸೇರಿ ಆಕ್ಸೈಡ್ ಆಗಿದೆ, ಆ ಆಕ್ಸೈಡು ಆಮ್ಲಕ್ಕೂ ಕರಗುತ್ತದೆ, ಸೋಡಾದಂಥ ಕ್ಷಾರಕ್ಕೂ ಕರಗುತ್ತದೆ. ಎಲ್ಲ ಕೇಳಿ ಅತ್ತಿಗೆ, "ಹಾಗಾದರೆ ಬೈಯಬೇಕಾದ್ದು ಸೋಡಾ ಮಾರಿದವನನ್ನೋ?" ಎಂದರು. ಕಡುಬು ಆರಿಹೋಗಿತ್ತು.

ಈ ಪದರವನ್ನು ಕಟ್ಟುವುದು ವಿದ್ಯುತ್ತು, ಕೆರೆಯುವುದು ಆಮ್ಲ. ಬೋರೇಟ್‌ನಂಥ ತಟಸ್ಥ ದ್ರಾವಣದಲ್ಲಿ ಆನೊಡೈಸ್ ಮಾಡಿದರೆ ರಂಧ್ರವಿಲ್ಲದ ತೆಳು ಪದರ ಬೆಳೆದು ನಿಂತುಬಿಡುತ್ತದೆ; ವಿದ್ಯುತ್ ಕೂಡಿಡುವ ಕೆಪಾಸಿಟರಿಗೆ ಬೇಕಾದದ್ದು ಅದೇ. ಗಂಧಕಾಮ್ಲ ಅಥವಾ ಆಕ್ಸಾಲಿಕ್ ಆಮ್ಲವಿದ್ದರೆ ಪದರದಲ್ಲಿ ಕುಳಿ ಬೀಳುತ್ತದೆ. ಕುಳಿಯ ತಳದಲ್ಲಿ ಪದರ ತೆಳುವಾದ್ದರಿಂದ ವಿದ್ಯುತ್ ಕ್ಷೇತ್ರಕ್ಕೆ ಅಲ್ಲಿ ಬಲ ಹೆಚ್ಚು. ಅಲ್ಲಿ ಒಂದು ಕಡೆ ಆಕ್ಸೈಡ್ ಕರಗುತ್ತಿರುತ್ತದೆ, ಇನ್ನೊಂದು ಕಡೆ ಕೆಳಗಿನ ಲೋಹ ಹೊಸ ಆಕ್ಸೈಡ್ ಆಗುತ್ತಿರುತ್ತದೆ. ಹಾಗಾಗಿ ರಂಧ್ರ ನೆಟ್ಟಗೆ ಆಳಕ್ಕೆ ಇಳಿಯುತ್ತದೆ. ಮೇಲಿನಿಂದ ನೋಡಿದರೆ ಜೇನುತಟ್ಟಿ.

ಎರಡು ರಂಧ್ರಗಳ ನಡುವಿನ ದೂರ ವೋಲ್ಟಿಗೆ ಸುಮಾರು 2.5 ನ್ಯಾನೊಮೀಟರ್; ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು. ಆಕ್ಸಾಲಿಕ್ ಆಮ್ಲದಲ್ಲಿ 40 ವೋಲ್ಟ್ ಕೊಟ್ಟರೆ 100 ನ್ಯಾನೊಮೀಟರ್. ಗುಬುಟು ತಿರುಗಿಸಿ ನ್ಯಾನೊ ಅಳತೆ ಬದಲಿಸಬಹುದು, ಇದಕ್ಕೂ ಬೆಂಗಳೂರು ಬೇಕೇ? 1995ರಲ್ಲಿ ಜಪಾನಿನ ಮಸುದಾ ಮತ್ತು ಫುಕುದಾ ಸಾಲಾಗಿ ಜೋಡಿಸಿದಂಥ ರಂಧ್ರಗಳನ್ನು ತೋರಿಸಿದರು. ಮೊದಲ ಪದರವನ್ನು ಕರಗಿಸಿ ತೆಗೆದು, ಅದು ಲೋಹದ ಮೇಲೆ ಬಿಟ್ಟ ಗುಳಿಗಳಿಂದಲೇ ಎರಡನೆಯ ಪದರ ಬೆಳೆಸುವುದು ಇನ್ನೂ ಅಚ್ಚುಕಟ್ಟು.

ಚೀಟಿ ಬಂತು, ಐದೇ ನಿಮಿಷವಂತೆ. ಹಾಗಾದರೆ ಬೇಗ ಬೇಗ. ಬೀಕರು ತಂಪಾಗಿರಲಿ, ಬಿಸಿಯಾದರೆ ಆಮ್ಲದ ಕೈ ಮೇಲಾಗಿ ಪದರ ಪುಡಿಪುಡಿಯಾಗುತ್ತದೆ. ಹಾಸನದ ಚಳಿಯನ್ನು ನಂಬಿ ಮಂಜುಗಡ್ಡೆ ಬಿಡಬೇಡಿ. ನೀರಿಗೆ ಆಮ್ಲ ಸುರಿಯಿರಿ, ಆಮ್ಲಕ್ಕೆ ನೀರನ್ನಲ್ಲ. ಋಣ ತುದಿಯಾದ ಕ್ಯಾಥೋಡಿನಲ್ಲಿ ಹೈಡ್ರೋಜನ್ ಬರುತ್ತದೆ, ಕಿಟಕಿ ತೆರೆದಿರಲಿ. ರಂಧ್ರಗಳಿಗೆ ಬಣ್ಣ ತುಂಬುವುದಿದ್ದರೆ ತುಂಡನ್ನು ಕುದಿಯುವ ನೀರಿಗೆ ಹಾಕುವ ಮೊದಲೇ ತುಂಬಿ. ಕುದಿಸಿದ ಮೇಲೆ ಆಕ್ಸೈಡ್ ನೀರು ಹಿಡಿದು ಉಬ್ಬಿ ರಂಧ್ರಗಳ ಬಾಯಿ ಮುಚ್ಚುತ್ತದೆ.

ಮೇಜಿನ ಮೇಲೆ ಎರಡು ತುಂಡುಗಳಿವೆ, ಪಕ್ಕದಲ್ಲಿ ವಿದ್ಯುತ್ ಹರಿದರೆ ಸದ್ದು ಮಾಡುವ ಮಲ್ಟಿಮೀಟರ್. ಬರಿ ಲೋಹದ ತುಂಡಿಗೆ ಅದರ ಮೊನೆ ತಾಗಿಸಿದರೆ ಕೀಂ ಎನ್ನುತ್ತದೆ, ಆನೊಡೈಸ್ ಆದದ್ದಕ್ಕೆ ತಾಗಿಸಿದರೆ ಸುಮ್ಮನಿರುತ್ತದೆ. ಗೀರಬೇಡಿ, ಮಧ್ಯಾಹ್ನದ ತಂಡಕ್ಕೂ ಅವೇ ಬೇಕು.