ಎರಡು ಜಿಲ್ಲೆಯ ನಡುವೆ ನನ್ನದೊಂದು ಪೊಲೀಸ್ ಪ್ರಮಾಣಪತ್ರ | ಬಳ್ಳಾರಿ ವ್ಲಾಗ್

ನಮಸ್ಕಾರ. ಈಗ ಪರದೆಯ ಮೇಲೆ ಕಾಣುತ್ತಿರುವುದು ಗಾಂಧಿನಗರದ ನಮ್ಮ ಮನೆಯ ಮೇಜು. ಅದರ ಮೇಲೆ ಹರಡಿಕೊಂಡಿರುವ ಕಾಗದಗಳನ್ನು ಹುಡುಕಿ ತೆಗೆಯುವುದಕ್ಕೇ ನನಗೆ ಒಂದು ಬೆಳಗು ಹಿಡಿಯಿತು. ಇಲ್ಲಿನ ಒಂದು ಖಾಸಗಿ ವಸತಿ ಶಾಲೆಯಲ್ಲಿ ಹೆಣ್ಣುಮಕ್ಕಳ ನಿಲಯದ ಮೇಲ್ವಿಚಾರಕಿಯಾಗಿ ನನಗೆ ಕೆಲಸ ಸಿಕ್ಕಿದೆ. ಆಯ್ಕೆ ಪತ್ರದ ಕೊನೆಯಲ್ಲಿ, ಕೆಲಸಕ್ಕೆ ಹಾಜರಾಗುವ ಮೊದಲು ಪೊಲೀಸ್ ಪರಿಶೀಲನಾ ಪ್ರಮಾಣಪತ್ರವನ್ನು ಸಲ್ಲಿಸಬೇಕು ಎಂದು ಬರೆದಿದ್ದರು. ಆ ಸಾಲನ್ನು ಓದಿದ ಕೂಡಲೇ ನನಗೆ ಸಿಟ್ಟು ಬಂತು ಎಂಬುದನ್ನು ಮುಚ್ಚಿಡುವುದಿಲ್ಲ. ಎಂಟು ವರ್ಷ ಪಾಠ ಹೇಳಿದವಳನ್ನು ಠಾಣೆಗೆ ಕಳಿಸುತ್ತಾರಲ್ಲ ಎಂದು ಅಂದು ಸಂಜೆಯೆಲ್ಲ ಅಮ್ಮನ ಮುಂದೆ ಗೊಣಗಿದೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ನಿನ್ನ ಮಗಳನ್ನ ಹಾಸ್ಟೆಲ್‌ಗೆ ಬಿಟ್ರೆ, ಅಲ್ಲಿ ರಾತ್ರಿ ಯಾರು ಇರ್ತಾರ ಅಂತ ಕೇಳಂಗಿಲ್ಲೇನು?" ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಸಿಟ್ಟು ಅಲ್ಲಿಗೇ ಇಳಿಯಿತು.

ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ತುಂಬುತ್ತಿರುವ ಈ ದೃಶ್ಯವನ್ನು ಸ್ವಲ್ಪ ವೇಗವಾಗಿ ಓಡಿಸುತ್ತೇನೆ. ಮೊಬೈಲಿಗೆ ಬರುವ ಒಟಿಪಿ, ಭಾವಚಿತ್ರ, ಗುರುತಿನ ದಾಖಲೆ, ಶಾಲೆಯವರ ಪತ್ರ ಇವೆಲ್ಲ ನಿಮಗೆ ಗೊತ್ತಿರುವ ಹಂತಗಳೇ. ಒಂದು ಕಡೆ ಮಾತ್ರ ನಿಲ್ಲಿಸಿ ಹೇಳಬೇಕು. ನನ್ನ ಪಕ್ಕದ ಮನೆಯ ನರ್ಸ್ ಒಬ್ಬರು ಕೊಲ್ಲಿ ದೇಶಕ್ಕೆ ಹೊರಟಿದ್ದಾರೆ. ಅವರೂ ನಾನೂ ಒಂದೇ ಕಾಗದಕ್ಕಾಗಿ ಓಡಾಡುತ್ತಿದ್ದೇವೆ ಎಂದು ಇಬ್ಬರೂ ತಿಳಿದುಕೊಂಡಿದ್ದೆವು. ಅದು ತಪ್ಪು ತಿಳಿವಳಿಕೆ. ಹೊರದೇಶದ ಉದ್ಯೋಗಕ್ಕೆ ಬೇಕಾಗುವ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರವನ್ನು ಪಾಸ್‌ಪೋರ್ಟ್ ಸೇವಾ ವ್ಯವಸ್ಥೆಯ ಮೂಲಕ ಪಡೆಯಬೇಕು. ಅದರ ಶುಲ್ಕ 500 ರೂಪಾಯಿ, ಮತ್ತು ಅದು ಪಾಸ್‌ಪೋರ್ಟಿಗೆ ಅಂಟಿಕೊಂಡ ದಾಖಲೆ. ಊರಿನಲ್ಲೇ ಇರುವ ಶಾಲೆ, ಕಾರ್ಖಾನೆ, ಕಾವಲು ಸಂಸ್ಥೆಗಳು ಕೇಳುವ ಪರಿಶೀಲನೆಯನ್ನು ರಾಜ್ಯದ ಪೊಲೀಸ್ ಇಲಾಖೆಯೇ ಮಾಡಿಕೊಡುತ್ತದೆ. ಒಂದರ ಬದಲು ಇನ್ನೊಂದಕ್ಕೆ ಹಣ ಕಟ್ಟಿದರೆ ಹಣವೂ ಹೋಗುತ್ತದೆ, ವಾರಗಳೂ ಹೋಗುತ್ತವೆ.

ಈಗ ಆ ಮೇಜಿನ ಮೇಲಿನ ಆಧಾರ್ ಪ್ರತಿಯನ್ನು ಹತ್ತಿರದಿಂದ ನೋಡಿ. ನನಗೆ ಹದಿನಾಲ್ಕು ದಿನಗಳ ತೊಂದರೆ ಕೊಟ್ಟದ್ದು ಅದರಲ್ಲಿರುವ ವಿಳಾಸದ ಎರಡು ಸಾಲುಗಳು. ನಾನು ಹುಟ್ಟಿದ್ದು, ಓದಿದ್ದು, ಮೊದಲ ಕೆಲಸ ಮಾಡಿದ್ದು ಎಲ್ಲವೂ ಹೊಸಪೇಟೆಯಲ್ಲಿ. ಬಳ್ಳಾರಿಗೆ ಬಂದು ಎರಡು ವರ್ಷವಾದರೂ ಆಧಾರ್‌ನಲ್ಲಿ ವಿಳಾಸ ಬದಲಿಸಿರಲಿಲ್ಲ. ಆ ಆಧಾರ್‌ನಲ್ಲಿ ಹೊಸಪೇಟೆ ಎಂದಿದೆ, ಕೆಳಗೆ ಜಿಲ್ಲೆಯ ಹೆಸರು ಇಂಗ್ಲಿಷಿನ ಹಳೆಯ ಕಾಗುಣಿತದಲ್ಲಿ 'ಬೆಳ್ಳಾರಿ' ಎಂದಿದೆ. 2014ರ ನವೆಂಬರ್ 1ರಂದು ನಮ್ಮ ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರುಗಳು ಬದಲಾದಾಗ ಬೆಳ್ಳಾರಿ ಬಳ್ಳಾರಿಯಾಯಿತು, ಹಾಸ್ಪೆಟ್ ಹೊಸಪೇಟೆಯಾಯಿತು. ಅದಾದ ಮೇಲೆ 2021ರಲ್ಲಿ ಜಿಲ್ಲೆಯೇ ಎರಡಾಯಿತು: ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ವಿಜಯನಗರ ಜಿಲ್ಲೆಗೆ ಸೇರಿದವು, ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು ಇಲ್ಲಿಯೇ ಉಳಿದವು. ಜಿಲ್ಲೆ ಎರಡಾದರೆ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಯೂ ಎರಡಾಗುತ್ತದೆ ಎಂಬ ಸರಳ ಸಂಗತಿ ನನ್ನ ಗಮನಕ್ಕೆ ಬಂದಿರಲಿಲ್ಲ. ನನ್ನ ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಹೊಸಪೇಟೆ ಇರುವುದು ಬಳ್ಳಾರಿ ಜಿಲ್ಲೆಯಲ್ಲಿ, ಈಗಿನ ನಕ್ಷೆಯಲ್ಲಿ ಇರುವುದು ವಿಜಯನಗರದಲ್ಲಿ. ಎರಡೂ ನಿಜ. ಆದರೆ ಅರ್ಜಿಯಲ್ಲಿ ಒಂದನ್ನೇ ಬರೆಯಬೇಕು.

ನಾನು ಆಧಾರ್‌ನಲ್ಲಿದ್ದ ವಿಳಾಸವನ್ನೇ ಒಪ್ಪಿ ಮುಂದೆ ಸಾಗಿದೆ. ಅರ್ಜಿ ಹೊಸಪೇಟೆಯ ಠಾಣೆಯೊಂದಕ್ಕೆ ಹೋಯಿತು. ಅಲ್ಲಿನ ಸಿಬ್ಬಂದಿ ನಮ್ಮ ಹಳೆಯ ಬಾಡಿಗೆ ಮನೆಗೆ ಹೋಗಿ ವಿಚಾರಿಸಿದಾಗ, ಈಗ ಅಲ್ಲಿರುವವರು ಅಂಥ ಹೆಸರಿನವರು ಇಲ್ಲಿಲ್ಲ ಎಂದರು, ಮತ್ತು ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹನ್ನೊಂದನೆಯ ದಿನ ನನ್ನ ಮೊಬೈಲಿಗೆ ಬಂದ ಸಂದೇಶದಲ್ಲಿ ಅರ್ಜಿ ತಿರಸ್ಕೃತವಾಗಿದೆ, ಅರ್ಜಿದಾರರು ವಿಳಾಸದಲ್ಲಿ ವಾಸವಿಲ್ಲ ಎಂದಿತ್ತು. ಆ ಕ್ಷಣದಲ್ಲಿ 'ತಿರಸ್ಕೃತ' ಎಂಬ ಪದವನ್ನು ಕಂಡು, ನನ್ನ ಹೆಸರಿನಲ್ಲಿ ಯಾವುದೋ ಪ್ರಕರಣ ಇದೆಯೇನೋ ಎಂದು ಎದೆ ಹೊಡೆದುಕೊಂಡಿತು. ಹಾಗಾಗಿ ಇದನ್ನು ಒತ್ತಿ ಹೇಳುತ್ತೇನೆ: ವಿಳಾಸದ ಕಾರಣಕ್ಕೆ ಅರ್ಜಿ ಹಿಂದಿರುಗಿತು ಎಂದರೆ ನಿಮ್ಮ ಮೇಲೆ ಆಪಾದನೆ ಬಂತು ಎಂದು ಅರ್ಥವಲ್ಲ. ಷರಾ ಏನಿದೆ ಎಂದು ಪೂರ್ತಿ ಓದಿ, ಆಮೇಲೆ ಹೆದರಬೇಕೋ ಬೇಡವೋ ನಿರ್ಧರಿಸಿ.

ಈ ದೃಶ್ಯದಲ್ಲಿ ಕಾಣುವ ಅಂಗಡಿಯ ಹೆಸರನ್ನು ಮಸುಕು ಮಾಡಿದ್ದೇನೆ. ನಾನು ಗಾಬರಿಯಲ್ಲಿ ಇಲ್ಲಿಗೆ ಹೋದಾಗ, ಅಲ್ಲಿದ್ದವರು ಸಂದೇಶವನ್ನು ಒಮ್ಮೆ ನೋಡಿ, ಸಾವಿರದ ಐನೂರು ಕೊಟ್ಟರೆ ಎರಡೇ ದಿನದಲ್ಲಿ "ಒಳಗಿನಿಂದ" ಮಾಡಿಸಿಕೊಡುತ್ತೇವೆ ಎಂದರು. ನಾನು ಪರ್ಸ್ ತೆರೆದೆ. ಐನೂರರ ಎರಡು ನೋಟುಗಳನ್ನು ಕೈಗೆ ತೆಗೆದುಕೊಂಡೂ ಆಗಿತ್ತು. ಅಷ್ಟರಲ್ಲಿ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಹಿರಿಯರೊಬ್ಬರು, ಸ್ವೀಕೃತಿ ಪತ್ರದ ಮೇಲೆ ಸಕಾಲದ ಸಂಖ್ಯೆ ಇದೆಯಲ್ಲವೇ, ಅದನ್ನು ಹಿಡಿದುಕೊಂಡು ಕಚೇರಿಗೇ ಹೋಗಿ ಎಂದರು. ಆ ಹಿರಿಯರಿಗೆ ನಾನು ಇಂದಿಗೂ ಋಣಿ. ಸಾವಿರದ ಐನೂರು ರೂಪಾಯಿ ಎಂದರೆ ನಮ್ಮ ಮನೆಗೆ ಒಂದು ತಿಂಗಳ ಹಾಲು, ಮೇಲೊಂದಿಷ್ಟು ತರಕಾರಿ. ಕೆಲಸ ಸಿಗದೆ ಕಾಯುತ್ತಿರುವವರ ಹತ್ತಿರ, ಅದರಲ್ಲೂ ಪೊಲೀಸ್ ಎಂಬ ಪದಕ್ಕೇ ಅಂಜುವವರ ಹತ್ತಿರ, ಆ ಅಂಜಿಕೆಯನ್ನೇ ಬಂಡವಾಳ ಮಾಡಿಕೊಂಡು ಹಣ ಕೇಳುವುದು ಕ್ರೂರವಾದ ಕೆಲಸ. ಅರ್ಜಿ ತುಂಬಿಕೊಟ್ಟದ್ದಕ್ಕೆ ಶುಲ್ಕ ಕೇಳಲಿ, ಅದು ಅವರ ದುಡಿಮೆ. ಆದರೆ ಪೊಲೀಸರ ವರದಿಯನ್ನು ತಾವು ಮಾರುತ್ತೇವೆ ಎಂಬಂತೆ ಮಾತನಾಡುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಸಕಾಲದ ಬಗ್ಗೆ ಒಂದೆರಡು ಮಾತು. 2011ರ ಕಾಯ್ದೆಯ ಪ್ರಕಾರ ಪಟ್ಟಿಯಲ್ಲಿರುವ ಪ್ರತಿಯೊಂದು ಸೇವೆಗೂ ದಿನಗಳ ಮಿತಿ ಇರುತ್ತದೆ. ಮಿತಿ ಮೀರಿದರೆ ಮೇಲ್ಮನವಿ ಸಲ್ಲಿಸಬಹುದು, ತಡವಾದ ದಿನವೊಂದಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ವೆಚ್ಚವನ್ನೂ ಕೇಳಬಹುದು. ಮೊತ್ತ ಸಣ್ಣದು. ಆದರೂ ಆ ಸಂಖ್ಯೆಯನ್ನು ಕೈಯಲ್ಲಿ ಹಿಡಿದು ಕೇಳುವಾಗ ನಿಮ್ಮ ಧ್ವನಿ ಬೇಡುವವರ ಧ್ವನಿಯಾಗಿರುವುದಿಲ್ಲ. ನನ್ನ ಧ್ವನಿ ಬದಲಾದದ್ದು ನನಗೇ ಕೇಳಿಸಿತು.

ಇಲ್ಲಿಂದ ಹೊಸಪೇಟೆಗೆ ಹೋಗುವ ಬಸ್ಸು. ತೋರಣಗಲ್ಲು ದಾಟುವಾಗ ಚಿತ್ರೀಕರಿಸಿದ ಕಿಟಕಿಯ ದೃಶ್ಯ ಇದು. ಇಲ್ಲಿನ ಕಾರ್ಖಾನೆಗಳ ಗುತ್ತಿಗೆ ಕೆಲಸಕ್ಕೆ ಬರುವ ಎಷ್ಟೋ ಹುಡುಗರು ಇದೇ ಪರಿಶೀಲನೆಗಾಗಿ ಕಾಯುತ್ತಾರೆ ಎಂದು ಪಕ್ಕದಲ್ಲಿ ಕುಳಿತಿದ್ದವರು ಹೇಳಿದರು. ನಾನು ಹೊಸಪೇಟೆಗೆ ಯಾಕೆ ಹೋದೆ ಎಂದರೆ, ಶಾಲೆಯವರ ನಮೂನೆಯಲ್ಲಿ ಕಳೆದ ಐದು ವರ್ಷಗಳಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಾಸವಿದ್ದ ಎಲ್ಲ ಸ್ಥಳಗಳನ್ನೂ ಬರೆಯಬೇಕೆಂದಿತ್ತು. ಆದ್ದರಿಂದ ನನಗೆ ಬಳ್ಳಾರಿಯದೊಂದೇ ಸಾಲುತ್ತಿರಲಿಲ್ಲ, ಹೊಸಪೇಟೆಯದೊಂದೇ ಸಾಲುತ್ತಿರಲಿಲ್ಲ. ಕಚೇರಿಯ ಒಳಗೆ ಕ್ಯಾಮೆರಾ ಬಳಸಲಿಲ್ಲ. ಅಲ್ಲಿದ್ದವರು ನನ್ನ ಮಾತನ್ನು ಸಮಾಧಾನವಾಗಿ ಕೇಳಿ, ಈಗಿನ ವಿಳಾಸಕ್ಕೆ ಬಾಡಿಗೆ ಕರಾರು ಪತ್ರವನ್ನು ಹಚ್ಚಿ ಬಳ್ಳಾರಿಯಲ್ಲಿ ಹೊಸ ಅರ್ಜಿ ಹಾಕಬೇಕೆಂದೂ, ಹಿಂದಿನ ವಾಸದ ಬಗ್ಗೆ ಇಲ್ಲಿ ಪ್ರತ್ಯೇಕವಾಗಿ ಅರ್ಜಿ ಹಾಕಿ ಅದರಲ್ಲಿ 'ಹಿಂದಿನ ವಿಳಾಸ' ಎಂದು ಸ್ಪಷ್ಟವಾಗಿ ನಮೂದಿಸಬೇಕೆಂದೂ ಹೇಳಿದರು. ಈ ಮಾತನ್ನು ಹದಿನಾಲ್ಕು ದಿನ ಮೊದಲೇ ಯಾರಾದರೂ ಹೇಳಿದ್ದರೆ ಎನ್ನಿಸಿತು. ಅದಕ್ಕೇ ಈ ವಿಡಿಯೊ ಮಾಡುತ್ತಿದ್ದೇನೆ.

ಮುಂದಿನ ದೃಶ್ಯ ನಮ್ಮ ಓಣಿಯದು. ಸಮವಸ್ತ್ರದಲ್ಲಿ ಬೈಕಿನ ಮೇಲೆ ಪೊಲೀಸ್ ಸಿಬ್ಬಂದಿ ಬಂದಾಗ ಸಂಜೆ ಐದು ಗಂಟೆ, ಎಲ್ಲರೂ ಕಟ್ಟೆಯ ಮೇಲೆ ಕುಳಿತಿರುವ ಹೊತ್ತು. ಅವರು ಕೇಳಿದ್ದು ಎಷ್ಟು ದಿನದಿಂದ ಇದ್ದೀರಿ, ಮನೆಯಲ್ಲಿ ಯಾರಿದ್ದಾರೆ, ಯಾವ ಕೆಲಸಕ್ಕೆ ಎಂಬಷ್ಟೇ. ಅಕ್ಕಪಕ್ಕದ ಇಬ್ಬರ ಹೇಳಿಕೆ ಬರೆದುಕೊಂಡು ಹೋದರು. ಅವರು ತಿರುವಿನಲ್ಲಿ ಮರೆಯಾಗುವ ಮೊದಲೇ ಎದುರು ಮನೆಯ ಅಜ್ಜಿ "ಏನಾತವ್ವಾ, ಪೊಲೀಸ್ರು ಯಾಕ ಬಂದಿದ್ರು?" ಎಂದು ಕೇಳಿದರು. ಕೆಲಸ ಸಿಕ್ಕಿದೆ ಎಂದು ಹೇಳಿ ಸಕ್ಕರೆ ಕೊಟ್ಟೆ. ಆದರೆ ಬಾಡಿಗೆ ಮನೆಯಲ್ಲಿ ಒಬ್ಬಳೇ ಇರುವ ಹುಡುಗಿಯ ಬಾಗಿಲಿಗೆ ಹೀಗೆ ಬಂದರೆ ಮನೆ ಮಾಲೀಕರು ಏನೆಂದುಕೊಳ್ಳುತ್ತಾರೋ ಎಂಬ ಚಿಂತೆ ನನಗೆ ಹೋಗಿಲ್ಲ. ಮೊದಲೇ ಫೋನ್ ಮಾಡಿ ಬರುವ ಪದ್ಧತಿ ಎಲ್ಲ ಕಡೆಯೂ ಇರಬೇಕು ಎಂದು ನನ್ನ ಅಭಿಪ್ರಾಯ. ನೀವೂ ಮಾಲೀಕರಿಗೆ ಮುಂಚಿತವಾಗಿ ತಿಳಿಸಿಡಿ.

ಈಗ ಈ ವಿಡಿಯೊದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ. ಸಿರುಗುಪ್ಪದ ಕಡೆ ಇರುವ ನನ್ನ ಸೋದರಮಾವನ ಮಗ ಕಾವಲು ಸಂಸ್ಥೆಯೊಂದಕ್ಕೆ ಅರ್ಜಿ ಹಾಕುತ್ತಿದ್ದಾನೆ. ಅವನ ಮುಖ ತೋರಿಸುವುದಿಲ್ಲ. ನೀವು ನೋಡುತ್ತಿರುವುದು ಅವನ ಕೈ ಮತ್ತು ನಮೂನೆ. ನಾಲ್ಕು ವರ್ಷದ ಹಿಂದೆ ಕಾಲುವೆ ನೀರಿನ ಸರದಿಗಾಗಿ ಎರಡು ಹೊಲದವರ ನಡುವೆ ತಳ್ಳಾಟವಾಗಿ, ಎರಡೂ ಕಡೆಯ ಆರು ಮಂದಿಯ ಮೇಲೆ "ನೂರಾ ಏಳು" ಹಾಕಿದರು. ಹಳ್ಳಿಗಳಲ್ಲಿ ಹಾಗೆಯೇ ಹೇಳುತ್ತೇವೆ. ಅದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 107ನೆಯ ಕಲಂ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 126ನೆಯ ಕಲಂ ಆಗಿದೆ. ಶಾಂತಿ ಕಾಪಾಡುತ್ತೇನೆಂದು ದಂಡಾಧಿಕಾರಿಯ ಮುಂದೆ ಮುಚ್ಚಳಿಕೆ ಬರೆದುಕೊಡಿಸುವ ಮುನ್ನೆಚ್ಚರಿಕೆಯ ಕ್ರಮ ಅದು. ಅಪರಾಧ ಸಾಬೀತಾಗಿ ಶಿಕ್ಷೆಯಾದಂತೆ ಅಲ್ಲ. ನಮೂನೆಯ ಪ್ರಶ್ನೆ ಹೀಗಿದೆ: ನಿಮ್ಮನ್ನು ಎಂದಾದರೂ ಬಂಧಿಸಲಾಗಿದೆಯೇ, ನಿಮ್ಮ ಮೇಲೆ ಮೊಕದ್ದಮೆ ಹೂಡಲಾಗಿದೆಯೇ, ಮುಚ್ಚಳಿಕೆ ಬರೆಸಿಕೊಳ್ಳಲಾಗಿದೆಯೇ, ದಂಡ ಅಥವಾ ಶಿಕ್ಷೆ ವಿಧಿಸಲಾಗಿದೆಯೇ?

ಅವನು ನನ್ನನ್ನು ಕೇಳಿದಾಗ, ಮುಗಿದುಹೋದ ಮಾತು, 'ಇಲ್ಲ' ಎಂದು ಬರೆ ಎಂದೆ. ಆ ಸಲಹೆ ಕೊಟ್ಟದ್ದು ನನ್ನ ತಪ್ಪು, ಅದನ್ನು ಇಲ್ಲಿ ಹಿಂತೆಗೆದುಕೊಳ್ಳುತ್ತೇನೆ. ಅಂದು ರಾತ್ರಿ, ಪರಿಚಯದ ವಕೀಲರೊಬ್ಬರು 2016ರ ಅವತಾರ್ ಸಿಂಗ್ ಪ್ರಕರಣದ ತೀರ್ಪನ್ನು ಓದಲು ಹೇಳಿದರು. ಸರ್ಕಾರಿ ನೌಕರಿಯ ಪರಿಶೀಲನಾ ನಮೂನೆಯಲ್ಲಿ ಮಾಹಿತಿ ಮುಚ್ಚಿಟ್ಟವರ ಬಗ್ಗೆ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು ಅದು. ಶಿಕ್ಷೆ, ಬಿಡುಗಡೆ, ಬಂಧನ, ಬಾಕಿ ಇರುವ ಪ್ರಕರಣ ಯಾವುದೇ ಇದ್ದರೂ ಕೊಡುವ ಮಾಹಿತಿ ನಿಜವಾಗಿರಬೇಕು ಎಂದು ಅದು ಹೇಳುತ್ತದೆ. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದರೂ ಉದ್ಯೋಗದಾತರು ವಿವೇಚನೆಯಿಂದ ಕ್ಷಮಿಸಬಹುದು ಎಂದೂ ಹೇಳುತ್ತದೆ. ಆದರೆ ನಿಜ ಹೇಳಿದವನಿಗೂ ಕೆಲಸ ಕೊಡಲೇಬೇಕೆಂದು ಅದು ಉದ್ಯೋಗದಾತರನ್ನು ಕಟ್ಟಿಹಾಕುವುದಿಲ್ಲ. ಆ ಮಾತನ್ನು ನಾನು ಅವನಿಂದ ಮುಚ್ಚಿಡಲಿಲ್ಲ. ಅವನಿಗೆ ಅನುಕೂಲವಾದ ಸಂಗತಿಯೂ ಒಂದಿದೆ. ಖಾಸಗಿ ಭದ್ರತಾ ಸಂಸ್ಥೆಗಳ 2005ರ ಕಾಯ್ದೆ ಕಾವಲುಗಾರರ ನಡತೆ ಮತ್ತು ಪೂರ್ವಾಪರದ ಪರಿಶೀಲನೆಯನ್ನು ಕೇಳುತ್ತದೆ, ನ್ಯಾಯಾಲಯದಿಂದ ಶಿಕ್ಷೆಗೊಳಗಾದವರನ್ನು ತೆಗೆದುಕೊಳ್ಳಬಾರದು ಎನ್ನುತ್ತದೆ. ಇವನಿಗೆ ಶಿಕ್ಷೆಯಾಗಿಲ್ಲ.

ಹದಿನೆಂಟು ತುಂಬುವ ಮೊದಲು ನಡೆದ ಪ್ರಕರಣಗಳ ಬಗ್ಗೆ ಕೆಲವರು ಸಂದೇಶ ಕಳಿಸಿ ಕೇಳಿದ್ದೀರಿ. 2015ರ ಬಾಲನ್ಯಾಯ ಕಾಯ್ದೆಯ 24ನೆಯ ಕಲಂ ಅದಕ್ಕೆ ರಕ್ಷಣೆ ಕೊಡುತ್ತದೆ: ಬಾಲಕನಾಗಿದ್ದಾಗಿನ ಪ್ರಕರಣದಿಂದ ಮುಂದೆ ಅನರ್ಹತೆ ಅಂಟಬಾರದು ಎಂಬುದು ಅದರ ತಿರುಳು. ಹದಿನಾರು ದಾಟಿ, ಘೋರ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಣೆಗೆ ಒಳಗಾದವರಿಗೆ ಮಾತ್ರ ಅದು ಅನ್ವಯಿಸುವುದಿಲ್ಲ. ನಿಮ್ಮ ನಮೂನೆಯನ್ನು ವಕೀಲರಿಗೆ ತೋರಿಸಿಯೇ ಉತ್ತರ ಬರೆಯಿರಿ.

ಇದು ನನ್ನ ಪ್ರಮಾಣಪತ್ರ, ಹೆಸರು ಮತ್ತು ವಿಳಾಸವನ್ನು ಮುಚ್ಚಿದ್ದೇನೆ. ಎರಡನೆಯದು ನಿನ್ನೆ ಹೊಸಪೇಟೆಯಿಂದ ಬಂತು. ಎರಡರಲ್ಲಿಯೂ ಇರುವುದು, ಈ ಠಾಣಾ ವ್ಯಾಪ್ತಿಯ ದಾಖಲೆಗಳ ಪ್ರಕಾರ ಪ್ರತಿಕೂಲವಾದದ್ದೇನೂ ಕಂಡುಬಂದಿಲ್ಲ ಎಂಬರ್ಥದ ಒಂದು ವಾಕ್ಯ. ನಾನು ಮಕ್ಕಳೊಂದಿಗೆ ಹೇಗೆ ಮಾತನಾಡುತ್ತೇನೆ, ರಾತ್ರಿ ಜ್ವರ ಬಂದ ಹುಡುಗಿಯ ಪಕ್ಕದಲ್ಲಿ ಎಚ್ಚರವಿರುತ್ತೇನೆಯೇ ಎಂಬುದನ್ನು ಆ ವಾಕ್ಯ ಹೇಳುವುದಿಲ್ಲ. ಶಾಲೆಯವರು ಅದನ್ನು ಬೇರೆ ರೀತಿಯಲ್ಲಿ ನೋಡಿಕೊಳ್ಳಬೇಕು, ನೋಡಿಕೊಳ್ಳಲಿ ಎಂದು ನಾನೇ ಕೇಳುತ್ತೇನೆ. ಎರಡು ಬೇರೆ ಜಿಲ್ಲೆಗಳ ಕಾಗದ ಯಾಕೆ ಎಂದು ಕಚೇರಿಯಲ್ಲಿ ಪ್ರಶ್ನೆ ಬರುವುದು ಖಚಿತವಾದ್ದರಿಂದ, ಜಿಲ್ಲೆಯ ವಿಭಜನೆಯನ್ನೂ ನನ್ನ ವಾಸದ ವರ್ಷಗಳನ್ನೂ ಒಂದು ಪುಟದಲ್ಲಿ ಬರೆದು ಮೇಲೆ ಲಗತ್ತಿಸಿದ್ದೇನೆ.

ಕೊನೆಯ ದೃಶ್ಯದಲ್ಲಿ ನನ್ನ ಸೋದರಮಾವನ ಮಗ ನಮೂನೆ ತುಂಬುತ್ತಿದ್ದಾನೆ. ಆ ಪ್ರಶ್ನೆಯ ಮುಂದೆ 'ಹೌದು' ಎಂದು ಬರೆದು, ಕೆಳಗೆ ದಿನಾಂಕ, ಕಲಂ, ಮುಚ್ಚಳಿಕೆಯ ಅವಧಿ ಮುಗಿದ ತಿಂಗಳು ಎಲ್ಲವನ್ನೂ ನಮೂದಿಸಿ, ಆದೇಶದ ಪ್ರತಿಯನ್ನು ಹಿಂದೆ ಇಟ್ಟಿದ್ದಾನೆ. ಸೋಮವಾರ ಬೆಳಿಗ್ಗೆ ಸಿರುಗುಪ್ಪದಿಂದ ಬರುವ ಮೊದಲ ಬಸ್ಸಿಗೆ ಅವನು ಬಳ್ಳಾರಿಗೆ ಬರುತ್ತಾನೆ. ನಾನು ನಿಲ್ದಾಣದಿಂದ ಅವನ ಜೊತೆಗೆ ಹೋಗುತ್ತೇನೆ.