ಸುತ್ತುವ ಆ ಚಿತ್ರಕ್ಕೆ ಏನನ್ನೋಣ?

ಕೇಳುಗರೇ, ನಮಸ್ಕಾರ.

ಒಂದು ನಿಮಿಷ ಕಣ್ಣು ಮುಚ್ಚಿ, ಹಳೇ ದೂರದರ್ಶನ ನೆನಪು ಮಾಡಿಕೊಳ್ಳಿ. ನಿಧಾನವಾಗಿ ಏಳುವ ಒಂದು ರಾಗ. ತೆರೆಯ ಮೇಲೆ ಬಾಗಿದ ಗೆರೆಗಳು ತಿರುಗುತ್ತಾ ತಿರುಗುತ್ತಾ ಹತ್ತಿರ ಬರುತ್ತವೆ. ಕೊನೆಗೆ ನಡುವಿನ ಗುಂಡನ್ನು ಎರಡು ಕಡೆಯಿಂದ ತಬ್ಬಿಕೊಂಡು ಕಣ್ಣಿನ ಹಾಗೆ ನಿಲ್ಲುತ್ತವೆ. ನಮ್ಮ ಮನೆಯಲ್ಲಿ ಅದಕ್ಕೆ 'ಸುತ್ತೋದು' ಅಂತಿದ್ದೆವು. "ಬೇಗ ಬಾರೋ, ಸುತ್ತೋದು ಶುರುವಾಯ್ತು" ಅಂತ ಅಕ್ಕ ಕೂಗಿದರೆ, ನಾನು ತಿನ್ನುತ್ತಿದ್ದ ತಟ್ಟೆ ಹಿಡಿದೇ ಓಡುತ್ತಿದ್ದೆ.

ಟೀವಿ ಕೆಲಸದವರು ಇದನ್ನು ಐಡೆಂಟ್ ಅನ್ನುತ್ತಾರೆ. ವಾಹಿನಿ ತನ್ನ ಗುರುತು ಹೇಳಿಕೊಳ್ಳುವ ಕೆಲವೇ ಸೆಕೆಂಡುಗಳು. ತೆರೆಯ ಮೂಲೆಯಲ್ಲಿ ಇಡೀ ಹೊತ್ತು ಕೂತಿರುತ್ತದಲ್ಲ, ಆ ಪುಟ್ಟ ಗುರುತು ಬೇರೆ. ಅದರ ಹೆಸರು ಬಗ್, ಅಂದರೆ ಹುಳ! ಜಾಹೀರಾತಿಗೆ ಮುಂಚೆ ಮಿಂಚಿ ಹೋಗುವ ತುಣುಕು ಬಂಪರ್. ನಾವು ಮಾತ್ರ ಎಲ್ಲಕ್ಕೂ ಲೋಗೋ ಅಂದು ಸುಮ್ಮನಾಗುತ್ತೇವೆ.

ಆದರೆ ಲೋಗೋ ನಿಂತಿರುವ ಚಿತ್ರ. ಅದನ್ನು ಓಡಾಡಿಸುವುದು ಇನ್ನೊಬ್ಬರ ಕೈಕೆಲಸ. ದೂರದರ್ಶನದ ಚಿತ್ರ ಬರೆದವರು ದೇವಾಶಿಸ್ ಭಟ್ಟಾಚಾರ್ಯ. ಆಗ ಅವರು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಇನ್ನೂ ವಿದ್ಯಾರ್ಥಿ. ಅದನ್ನು ತಿರುಗಿಸಿದವರು ಅಲ್ಲಿನವರೇ ಆದ ಆರ್. ಎಲ್. ಮಿಸ್ತ್ರಿ. ಚಿತ್ರದ ಪ್ರತಿಗಳನ್ನು ಕ್ಯಾಮೆರಾ ಕೆಳಗಿಟ್ಟು, ಚೂರು ಚೂರೇ ತಿರುಗಿಸಿ ಚಿತ್ರೀಕರಿಸಿದರು. 1976ರ ಏಪ್ರಿಲ್ 1ಕ್ಕೆ ಅದು ತೆರೆಗೆ ಬಂತು. ದೂರದರ್ಶನ ನಮ್ಮ ಆಕಾಶವಾಣಿಯ ಮನೆ ಬಿಟ್ಟು ಬೇರೆ ಸಂಸಾರ ಹೂಡಿದ ದಿನವೂ ಅದೇ.

ಬಿಬಿಸಿಯವರು 1953ರಲ್ಲೇ ಇಂಥದ್ದೊಂದು ಮಾಡಿದ್ದರು. ಏಬ್ರಮ್ ಗೇಮ್ಸ್ ಎಂಬ ಕಲಾವಿದ ತಂತಿ, ಹಿತ್ತಾಳೆ ಸೇರಿಸಿ ಒಂದು ಮಾದರಿ ಕಟ್ಟಿ, ಅದು ತಿರುಗುವುದನ್ನು ಚಿತ್ರೀಕರಿಸಿದರು. ಕಂಪ್ಯೂಟರಿನ ಮಾತೇ ಇಲ್ಲ. ನೋಡಿದ ಜನ ಅದಕ್ಕೆ 'ಬಾವಲಿ ರೆಕ್ಕೆ' ಅಂತ ಹೆಸರಿಟ್ಟರು. ಅಲ್ಲೂ ನಮ್ಮಕ್ಕನಂಥವರು ಇದ್ದರು ಅನ್ನಿ.

ಕನ್ನಡದಲ್ಲಿ ಏನನ್ನೋಣ? 'ಚಲಿಸುವ ಲಾಂಛನ' ಅಂದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಾಗುತ್ತದೆ. ನನ್ನ ಮನಸ್ಸು ಹೋಗುವುದು 'ಅಂಕಿತ'ದ ಕಡೆಗೆ. 'ಕೂಡಲಸಂಗಮದೇವ' ಅಂದ ಕೂಡಲೇ ಬಸವಣ್ಣ, 'ಪುರಂದರವಿಠಲ' ಅಂದರೆ ದಾಸರು. ಹೆಸರು ಬೇರೆ ಹೇಳಬೇಕಿಲ್ಲ. ಐಡೆಂಟ್ ಮಾಡುವುದೂ ಇದನ್ನೇ ಅಲ್ವಾ? ಒಂದೇ ತಕರಾರು. ಅಂಕಿತ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ಇದು ಮೊದಲಿಗೇ ಬಂದು ನಿಲ್ಲುತ್ತದೆ. ಇರಲಿ, ಅಷ್ಟು ಸಲಿಗೆ ತಗೊಳ್ಳೋಣ.

ರೇಡಿಯೊಗೆ ತೆರೆಯೇ ಬೇಕಿಲ್ಲ. ಯುರೋಪಿನಿಂದ ಬಂದ ವಾಲ್ಟರ್ ಕೌಫ್‌ಮನ್ ಕಟ್ಟಿಕೊಟ್ಟ ಆಕಾಶವಾಣಿಯ ಆ ಬೆಳಗಿನ ರಾಗ ಕಿವಿಗೆ ಹಾಕಿದ ಅಂಕಿತ.

ಮೊನ್ನೆ ಅಕ್ಕನಿಗೆ ಫೋನ್ ಮಾಡಿ ಈ ಪದ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. "ಯಾಕೋ, 'ಸುತ್ತೋದು' ಅಂದ್ರೆ ಏನಾಗಿತ್ತು?" ಅಂದಳು.

ನಮಸ್ಕಾರ.